ವಿಮಾನದ ಬಾಲದೊಳಗಣ ಕಿರುಯಂತ್ರದ ಪೂರ್ವವೃತ್ತಾಂತ

ಕಾಪುವಿನ ಬಂಡೆಯ ಮೇಲೆ ೧೯೦೧ರಲ್ಲಿ ನಿಲ್ಲಿಸಿದ ದೀಪಸ್ತಂಭಕ್ಕೂ ಪಡುಬಿದ್ರಿಯ ಕಡಲಕರೆಗೂ ನಡುವೆ, ಮಹಾಲಕ್ಷ್ಮಿಯ ದೇವಾಲಯವನ್ನೂ ಮೊಗವೀರರ ದೋಣಿಗಳನ್ನೂ ಹೆದ್ದಾರಿಯ ಇಕ್ಕೆಲದ ಅಂಗಡಿಸಾಲನ್ನೂ ಮೈಗೂಡಿಸಿಕೊಂಡು ಹಬ್ಬಿರುವ ಉಚ್ಚಿಲಕ್ಕೂ ವಿಮಾನವಿದ್ಯೆಗೂ ನೇರವಾದ ನಂಟು ಯಾವುದೂ ಇಲ್ಲ. ಆದರೂ ಮುಂಬಯಿಗೋ ಕೊಲ್ಲಿಯ ದೇಶಗಳಿಗೋ ಹೊಟ್ಟೆಪಾಡಿಗಾಗಿ ಹೋಗಿಬಂದವರು ಮನೆಗೊಬ್ಬರಂತೆ ಇರುವ ಈ ಕರಾವಳಿಯಲ್ಲಿ, ವಿಮಾನವೆಂದರೆ ಬಜಪೆ, ಬಜಪೆಯೆಂದರೆ ವಿಮಾನ ಎಂಬಷ್ಟರ ಮಟ್ಟಿಗೆ ಮಂಗಳೂರಿನ ಬಳಿಯ ಆ ಗುಡ್ಡದ ನೆತ್ತಿಯ ನಿಲ್ದಾಣವು ಜನರ ನಿತ್ಯವ್ಯವಹಾರದಲ್ಲಿ ಸೇರಿಹೋಗಿದೆ. ೧೯೫೧ರ ಡಿಸೆಂಬರ್ ೨೫ರಂದು ಜವಾಹರಲಾಲ್ ನೆಹರೂ ಅವರು ಡಗ್ಲಸ್ ಡಿಸಿ-೩ ವಿಮಾನದಲ್ಲಿ ಬಂದಿಳಿದು ಆ ನಿಲ್ದಾಣಕ್ಕೆ ಚಾಲನೆ ಕೊಟ್ಟರೆಂಬುದನ್ನು ಹಿರಿಯರು ಇಂದಿಗೂ ಹೇಳುವರು. ಆ ವಿಮಾನವು ಎರಡು ಯಂತ್ರಗಳನ್ನೂ ಆರಿಸಿ ನಿಂತ ಮೇಲೆ ಅದರೊಳಗೆ ಉಳಿದಿದ್ದ ಶಕ್ತಿಯೆಂದರೆ ಬ್ಯಾಟರಿಯೊಂದೇ. ತಂಗಾಳಿಗೆ ಬಾಗಿಲು ತೆರೆಯಬೇಕು, ಬೆಳಕಿಗೆ ಸೂರ್ಯನೇ ಬೇಕು ಎಂಬ ಸ್ಥಿತಿ.

ಈಗ ಅದೇ ನಿಲ್ದಾಣಕ್ಕೆ ಆಗೊಮ್ಮೆ ಈಗೊಮ್ಮೆ ಬಂದಿಳಿಯುವ ಬಿಸಿನೆಸ್ ಜೆಟ್ಟುಗಳ ಸಂಗತಿ ಬೇರೆ. ಮುಖ್ಯಯಂತ್ರಗಳೆರಡೂ ನಿಶ್ಚಲವಾಗಿದ್ದರೂ ಒಳಗೆ ದೀಪಗಳು ಉರಿಯುತ್ತಿರುತ್ತವೆ, ಏಪ್ರಿಲ್ಲಿನ ಸೆಕೆಯಲ್ಲಿಯೂ ಆಸನಗಳ ನಡುವೆ ತಂಪು ಹರಿಯುತ್ತಿರುತ್ತದೆ, ಅಡಿಗೆಯ ಮೂಲೆಯಲ್ಲಿ ಕಾಫಿ ಬಿಸಿಯಾಗುತ್ತಿರುತ್ತದೆ. ಹೊರಗೆ ನಿಂತವನಿಗೆ ಮಾತ್ರ ಬಾಲದ ಕಡೆಯಿಂದ ಎಡೆಬಿಡದ ಕೀರಲು ದನಿ ಕೇಳಿಸುವುದಲ್ಲದೆ, ಅಲ್ಲಿನ ಸಣ್ಣ ಕಿಂಡಿಯೊಂದರಿಂದ ಹೊರಬೀಳುವ ಬಿಸಿಗಾಳಿಯಲ್ಲಿ ಹಿಂದಣ ಗುಡ್ಡದ ಮರಗಳು ಅಲುಗಿದಂತೆ ತೋರುವುದು. ಸಹಾಯಕ ಶಕ್ತಿಯಂತ್ರವೆಂದು ಗ್ರಂಥಸ್ಥ ಭಾಷೆಯಲ್ಲಿಯೂ ಎಪಿಯು ಎಂದು ವಿಮಾನದವರ ಬಾಯಲ್ಲಿಯೂ ಕರೆಯಿಸಿಕೊಳ್ಳುವ ಈ ಕಿರುಯಂತ್ರವು ಧನಿಕರ ಸುಖಕ್ಕಾಗಿ ಹುಟ್ಟಿದ ವಸ್ತುವೆಂದು ನೋಡಿದವರು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಅದರ ಕುಲವನ್ನು ಹಿಡಿದು ಹಿಂದಕ್ಕೆ ಹೋದಷ್ಟೂ ಸುಖದ ಸುಳಿವು ಕಾಣದು. ಯುದ್ಧರಂಗ, ನಡುನೀರು, ನಿರ್ಗತಿಕ ನಿಲ್ದಾಣ, ಇವೇ ಅದರ ಜನ್ಮಭೂಮಿಗಳು.

ಪೂರ್ವಕಥೆಗೆ ಮೊದಲು ಅದರ ಕಾರ್ಯವಿಧಾನವನ್ನು ಅರಿಯುವುದು ಉಚಿತ. ಬಾಲದ ಶಂಕುವಿನಲ್ಲಿ, ಪ್ರಯಾಣಿಕರ ಕೋಣೆಗೆ ಹೊರತಾಗಿ, ಬೆಂಕಿಯನ್ನು ತಡೆಯಬಲ್ಲ ಲೋಹದ ಪೆಟ್ಟಿಗೆಯೊಳಗೆ ಕುಳಿತಿರುವ ಇದು ಸ್ವತಃ ಒಂದು ಪೂರ್ಣ ಅನಿಲ ಟರ್ಬೈನು. ಚಾಲಕನು ಬ್ಯಾಟರಿಯನ್ನು ಜೋಡಿಸಿ, ಅಗ್ನಿಸೂಚಕವು ನೆಟ್ಟಗಿದೆಯೇ ಎಂದು ಪರೀಕ್ಷಿಸಿ, ಗುಂಡಿಯನ್ನು ಒತ್ತಿದೊಡನೆ ಗಾಳಿಯನ್ನು ಒಳಗೆ ಬಿಡುವ ಕದವು ತೆರೆದುಕೊಳ್ಳುತ್ತದೆ. ಬ್ಯಾಟರಿಯ ವಿದ್ಯುತ್ತಿನಿಂದ ಸ್ಟಾರ್ಟರು ದಂಡವನ್ನು ತಿರುಗಿಸತೊಡಗುತ್ತದೆ. ಪೂರ್ಣವೇಗದ ಹತ್ತನೆಯ ಒಂದು ಪಾಲಿನಷ್ಟು ವೇಗ ಬಂದಾಗ ಇಂಧನವೂ ಕಿಡಿಯೂ ಒಟ್ಟಿಗೆ ದಹನಕೋಷ್ಠವನ್ನು ಸೇರುತ್ತವೆ. ಆ ಬಳಿಕ ಯಂತ್ರವು ತನ್ನ ಉರಿಯಿಂದಲೇ ತಾನು ವೇಗವೃದ್ಧಿ ಹೊಂದುತ್ತ, ಅರ್ಧದಾರಿಯನ್ನು ದಾಟಿದಾಗ ಸ್ಟಾರ್ಟರಿನ ಕೈಬಿಟ್ಟು, ನೂರಕ್ಕೆ ತೊಂಬತ್ತೈದರ ಸುಮಾರಿಗೆ ಬರುತ್ತಲೂ ‘ಸಿದ್ಧ’ವೆಂಬ ದೀಪವನ್ನು ಹೊತ್ತಿಸುತ್ತದೆ. ಇಲ್ಲಿಂದ ಮುಂದೆ, ಹೊರೆ ಹೆಚ್ಚಲಿ ತಗ್ಗಲಿ, ಅದರ ವೇಗ ಬದಲಾಗಬಾರದು. ಇಂಧನವನ್ನು ಹೆಚ್ಚಿಸಿ ತಗ್ಗಿಸಿ ಈ ಸ್ಥಿರತೆಯನ್ನು ಕಾಯುವ ಹೊಣೆ ನಿಯಂತ್ರಕದ್ದು.

ಈ ಯಂತ್ರ ಕೊಡುವುದು ಎರಡು ವಸ್ತುಗಳನ್ನು: ವಿದ್ಯುತ್ತು ಮತ್ತು ಒತ್ತಡದ ಗಾಳಿ. ದಂಡಕ್ಕೆ ಕಚ್ಚಿಕೊಂಡಿರುವ ಜನರೇಟರು ಸಾಮಾನ್ಯವಾಗಿ ಬಿಸಿನೆಸ್ ಜೆಟ್ಟಿನಲ್ಲಿ ೨೮ ವೋಲ್ಟಿನ ನೇರ ವಿದ್ಯುತ್ತನ್ನೂ, ದೊಡ್ಡ ವಿಮಾನಗಳಲ್ಲಿ ೧೧೫ ವೋಲ್ಟಿನ, ಸೆಕೆಂಡಿಗೆ ೪೦೦ ಆವರ್ತಗಳ ಪರ್ಯಾಯ ವಿದ್ಯುತ್ತನ್ನೂ ಹುಟ್ಟಿಸುತ್ತದೆ. ಸಂಪೀಡಕದಲ್ಲಿ ಅಮುಕಿದ ಗಾಳಿಯ ಒಂದು ಪಾಲು ಕೊಳವೆಯೊಂದರಲ್ಲಿ ಹರಿದು ತಂಪುಯಂತ್ರವನ್ನು ಓಡಿಸುತ್ತದೆ. ಹೊರಡುವ ಹೊತ್ತಿಗೆ, ಗಲ್ಫ್‌ಸ್ಟ್ರೀಮಿನಂತಹ ಹಿರಿಯ ಜೆಟ್ಟುಗಳಲ್ಲಿ, ಮುಖ್ಯಯಂತ್ರದ ಗಾಳಿ-ಸ್ಟಾರ್ಟರಿಗೆ ಅದೇ ಗಾಳಿಯನ್ನು ತಿರುಗಿಸುತ್ತಾರೆ. ಇನ್ನುಳಿದ ಅನೇಕ ಜೆಟ್ಟುಗಳಲ್ಲಿ ಮುಖ್ಯಯಂತ್ರವನ್ನು ಎಬ್ಬಿಸುವುದು ವಿದ್ಯುತ್ತೇ. ಗಾಳಿಯನ್ನೂ ವಿದ್ಯುತ್ತನ್ನೂ ಒಮ್ಮೆಗೇ ಅತಿಯಾಗಿ ಕೇಳಿದಲ್ಲಿ ಹೊಗೆನಾಳದ ಉಷ್ಣತೆ ಮಿತಿಗೆ ಮುಟ್ಟುವುದರಿಂದ, ನಿಯಂತ್ರಕವು ಗಾಳಿಯನ್ನು ಮೊಟಕುಮಾಡಿ ವಿದ್ಯುತ್ತನ್ನು ಉಳಿಸಿಕೊಳ್ಳುವುದು. ಸೆಕೆಯಾದರೂ ಬದುಕಬಹುದು, ಉಪಕರಣಗಳು ಆರಬಾರದೆಂಬ ವಿವೇಕವನ್ನು ನಿರ್ಮಾಪಕರು ಯಂತ್ರದಲ್ಲಿಯೇ ಇಟ್ಟಿದ್ದಾರೆ. ನಿಲ್ಲಿಸುವಾಗಲೂ ಹಠಾತ್ತನೆ ನಿಲ್ಲಿಸುವಂತಿಲ್ಲ. ಗಾಳಿಯ ಹೊರೆಯನ್ನು ಮೊದಲು ಇಳಿಸಿ, ಟರ್ಬೈನು ತಣಿಯಲು ತುಸು ಹೊತ್ತು ಬರಿದೇ ಓಡಿಸಿ, ಆಮೇಲೆ ಆರಿಸಬೇಕು.

ಇದಕ್ಕೆ ಆಹಾರವು ರೆಕ್ಕೆಯ ತೊಟ್ಟಿಯಲ್ಲಿರುವ ವಿಮಾನದ ಇಂಧನವೇ. ಸುರತ್ಕಲ್ಲಿನ ಆಚೆಯ ಕುತ್ತೆತ್ತೂರಿನ ಎಂಆರ್‌ಪಿಎಲ್ ತೈಲಾಗಾರದಲ್ಲಿಯೂ ತಯಾರಾಗುವ ಆ ಇಂಧನವು ಮೂಲತಃ ಚೆನ್ನಾಗಿ ಸಂಸ್ಕರಿಸಿದ ಸೀಮೆಎಣ್ಣೆ. ನಮ್ಮ ನಾಡದೋಣಿಗಳ ಹಿಂಬದಿಯ ಮೋಟಾರು ಕುಡಿಯುವುದೂ ಸೀಮೆಎಣ್ಣೆಯನ್ನೇ. ಮೀನುಗಾರರು ತಮ್ಮ ಪಾಲಿನ ರಿಯಾಯಿತಿಯ ಸೀಮೆಎಣ್ಣೆಗಾಗಿ ವರ್ಷವರ್ಷವೂ ಸರಕಾರದ ಬಾಗಿಲು ಬಡಿಯುತ್ತಿರುವಾಗ ಅದರ ಸೋದರ ದ್ರವ್ಯವು ಒಬ್ಬಿಬ್ಬರ ತಂಪಿಗಾಗಿ ನಿಲ್ದಾಣದಲ್ಲಿ ಉರಿಯುವುದನ್ನು ಕಂಡು ಯಾರಾದರೂ ಹುಬ್ಬು ಗಂಟಿಕ್ಕಿದರೆ ಅವರನ್ನು ನಾನು ಆಕ್ಷೇಪಿಸಲಾರೆ.

ಇನ್ನು ಪೂರ್ವಕಥೆ. ಒಂದನೆಯ ಮಹಾಯುದ್ಧದಲ್ಲಿ, ಇಂಗ್ಲೆಂಡಿನ ಮೇಲೆ ರಾತ್ರಿಯ ಹೊತ್ತು ಬಾಂಬು ಸುರಿಯುತ್ತಿದ್ದ ಜರ್ಮನರ ಜೆಪ್ಪೆಲಿನ್ ವಾಯುನೌಕೆಗಳನ್ನು ಕತ್ತಲಲ್ಲಿ ಹುಡುಕಿ ಹೊಡೆಯಬೇಕೆಂದು ಸೂಪರ್‌ಮರೀನ್ ಸಂಸ್ಥೆಯವರು ನೈಟ್‌ಹಾಕ್ ಎಂಬ ನಾಲ್ಕು ಅಂತಸ್ತಿನ ರೆಕ್ಕೆಗಳ ವಿಮಾನವನ್ನು ಕಟ್ಟಿ, ಅದರ ಮೂಗಿನಲ್ಲಿ ಶೋಧನದೀಪವನ್ನು ಇರಿಸಿ, ಆ ದೀಪದ ಡೈನಮೊವನ್ನು ತಿರುಗಿಸಲೆಂದೇ ಎಬಿಸಿ ಸಂಸ್ಥೆಯ ಸಣ್ಣ ಯಂತ್ರವೊಂದನ್ನು ಹೊರಿಸಿದರು. ೧೯೧೭ರಲ್ಲಿ ಹಾರಿದ ಆ ವಿಮಾನವು ಜೆಪ್ಪೆಲಿನ್ನಿನ ಎತ್ತರಕ್ಕೆ ಏರಲಾರದೆ ಮೂಲೆಗುಂಪಾಯಿತು. ಆದರೆ ಹಾರಿಸುವ ಯಂತ್ರ ಬೇರೆ, ವಿಮಾನದ ಮನೆವಾರ್ತೆಯನ್ನು ನಡೆಸುವ ಯಂತ್ರ ಬೇರೆ ಎಂಬ ಆಲೋಚನೆಗೆ ಅದರಿಂದ ಆಕಾರ ಬಂದಿತು.

ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ ಜರ್ಮನರ ಮೆ-೨೬೨ ಜೆಟ್ ವಿಮಾನದೊಳಗಿದ್ದ ಇನ್ನೊಂದು ಯುಕ್ತಿಯು ಕರಾವಳಿಯವರಿಗೆ ಕೂಡಲೇ ಅರ್ಥವಾಗುವಂತಹದು. ನಾರ್ಬರ್ಟ್ ರೀಡೆಲ್ ಎಂಬ ಯಂತ್ರಕಾರನು ರೂಪಿಸಿದ, ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲು ಯಂತ್ರವೊಂದನ್ನು ಜೆಟ್ ಯಂತ್ರದ ಬಾಯಿಯ ನಡುವಿನ ಮೊನೆಯೊಳಗೆ ಅಡಗಿಸಿದ್ದರು. ಅದಕ್ಕೆ ವಿದ್ಯುತ್ ಸ್ಟಾರ್ಟರು ಇದ್ದರೂ, ಅದು ಕೈಕೊಟ್ಟಾಗ ಉಪಯೋಗಿಸಲು ಮೊನೆಯ ತುದಿಯಲ್ಲಿ ಒಂದು ಉಂಗುರವಿದ್ದಿತು; ಉಚ್ಚಿಲದ ಕಡಲಲ್ಲಿ ದೋಣಿಯ ಮೋಟಾರಿನ ಹಗ್ಗವನ್ನು ತಾಂಡೇಲನು ಜಗ್ಗುವಂತೆ, ನೆಲದ ಮೇಲೆ ನಿಂತ ಕೆಲಸಗಾರನು ಆ ಉಂಗುರವನ್ನು ಹಿಡಿದು ಎಳೆದರೆ ಅದಕ್ಕಂಟಿದ ತಂತಿ ಹೊರಬಂದು ಚಿಕ್ಕಯಂತ್ರವು ಗುಡುಗುಟ್ಟುತ್ತ ಎಚ್ಚರಗೊಂಡು, ತಾನು ದೊಡ್ಡದನ್ನು ಎಬ್ಬಿಸುತ್ತಿತ್ತು. ಜಗತ್ತಿನ ಅತಿ ವೇಗದ ಯುದ್ಧವಿಮಾನಗಳಲ್ಲೊಂದೆನಿಸಿದ್ದುದರ ಯಾತ್ರಾರಂಭವು ಒಂದು ಹಗ್ಗದೆಳೆತದಿಂದ ಆಗಬಹುದಾಗಿತ್ತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಕನ್ನಡನಾಡಿಗೆ ಈ ವಿದ್ಯೆ ಬಂದುದೂ ಅದೇ ಯುದ್ಧದ ಮೂಲಕ, ಅದೂ ನೀರಿನ ದಾರಿಯಲ್ಲಿ. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದುಸ್ಥಾನ್ ವಿಮಾನ ಕಾರ್ಖಾನೆಯು, ೧೯೪೩ರಲ್ಲಿ ಅಮೆರಿಕದ ಸೈನ್ಯದ ಆಡಳಿತಕ್ಕೆ ಒಳಪಟ್ಟು, ಪೂರ್ವರಂಗದ ವಿಮಾನಗಳಿಗೆ ದುರಸ್ತಿಯ ದೊಡ್ಡ ಕೇಂದ್ರವಾಯಿತು. ಆಗ ಕಟಲೀನಾ ಎಂಬ ಹಾರುದೋಣಿಗಳು ಕಾರ್ಖಾನೆಗೆ ಸಮೀಪವಾದ ಬೆಳ್ಳಂದೂರು ಕೆರೆಯಲ್ಲಿ ಬಂದಿಳಿದು, ಅಲ್ಲಿಂದ ದಡವನ್ನೇರಿ ಕೆಲಸದ ಮನೆಗೆ ಸೇರುತ್ತಿದ್ದುವು. ಇಂದು ನೊರೆಯುಕ್ಕಿಸಿ ಅಪಕೀರ್ತಿ ಪಡೆದಿರುವ ಆ ಕೆರೆಗೆ ಇಂತಹ ಪೂರ್ವಾಶ್ರಮವೊಂದಿತ್ತೆಂದರೆ ನಂಬುವುದೇ ಕಷ್ಟ. ಸಮುದ್ರದ ನಡುವೆ ಯಂತ್ರಗಳನ್ನಾರಿಸಿ ತೇಲುತ್ತ ನಿಲ್ಲುವ ಕಟಲೀನಾದಲ್ಲಿ ದೀಪಕ್ಕೂ ರೇಡಿಯೋಗೂ ವಿದ್ಯುತ್ತು ಬೇಕಷ್ಟೆ. ಅದಕ್ಕಿಂತ ಮಿಗಿಲಾಗಿ, ತಳದಲ್ಲಿ ಒಸರಿ ಸೇರುವ ನೀರನ್ನು ಹೊರಹಾಕದಿದ್ದರೆ ವಿಮಾನವೇ ಮುಳುಗುವ ಭಯ. ಆದಕಾರಣ ಅದರೊಡಲಿನಲ್ಲಿದ್ದ ಸಹಾಯಕ ಯಂತ್ರವು ಡೈನಮೊವನ್ನೂ ನೀರೆತ್ತುವ ಪಂಪನ್ನೂ ನಡೆಸುತ್ತಿತ್ತು.

ಯುದ್ಧ ಮುಗಿದು ವಿದೇಶೀ ಸೈನ್ಯಗಳು ಹಿಂದಿರುಗಿದಾಗ, ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋದ ಲಿಬರೇಟರ್ ಬಾಂಬರುಗಳ ರಾಶಿಯು ಸ್ವತಂತ್ರ ಭಾರತದ ಪಾಲಿಗೆ ಬಂದಿತು. ಗುಜರಿಗಷ್ಟೇ ಯೋಗ್ಯವೆಂದು ಎಣಿಸಲಾಗಿದ್ದ ಆ ವಿಮಾನಗಳನ್ನು ಹಾರುವಷ್ಟರ ಮಟ್ಟಿಗೆ ಅಲ್ಲಿಯೇ ತೇಪೆಹಾಕಿ, ಜಂಶೇದ್ ಮುನ್ಶಿಯವರೆಂಬ ಪರೀಕ್ಷಾಚಾಲಕರ ಕೈಯಲ್ಲಿ ಒಂದೊಂದಾಗಿ ಬೆಂಗಳೂರಿಗೆ ತರಿಸಿಕೊಂಡು, ಕಾರ್ಖಾನೆಯ ಕೆಲಸಗಾರರು ನಲ್ವತ್ತಕ್ಕೂ ಮಿಕ್ಕವನ್ನು ಪುನಃ ಸಜ್ಜುಗೊಳಿಸಿದರು. ೧೯೪೮ರಲ್ಲಿ ಅವುಗಳಿಂದ ವಾಯುಪಡೆಯ ಐದನೆಯ ಸ್ಕ್ವಾಡ್ರನ್ನು ರೂಪುಗೊಂಡು, ೧೯೬೮ರ ತನಕ ಆ ಮುದಿವಿಮಾನಗಳು ದುಡಿದುವು. ಲಿಬರೇಟರಿನ ಮುಂಗಾಲಿನ ಗೂಡಿನ ಬಳಿ ‘ಪುಟ್-ಪುಟ್’ ಎಂದು ಅಮೆರಿಕನ್ನರು ಕರೆಯುತ್ತಿದ್ದ ಸಣ್ಣ ಪೆಟ್ರೋಲು ಯಂತ್ರವೊಂದಿತ್ತು. ನಾಲ್ಕು ಮಹಾಯಂತ್ರಗಳನ್ನು ಎಬ್ಬಿಸುವಾಗ ಬ್ಯಾಟರಿಗಳು ಸೋಲದಂತೆ ಕಾಯುವುದು ಅದರ ಧರ್ಮ. ಬೆಂಗಳೂರಿನ ಯಂತ್ರಕಾರರಿಗೆ ಈ ವಿದ್ಯೆಯು ಪುಸ್ತಕದಿಂದಲ್ಲ, ಎಣ್ಣೆಮಸಿ ಹತ್ತಿದ ಕೈಗಳಿಂದ ಬಂದಿತೆನ್ನಲು ಇದೇ ಸಾಕ್ಷಿ.

ಅನಿಲ ಟರ್ಬೈನಿನ ರೂಪವನ್ನು ಇದಕ್ಕೆ ತೊಡಿಸಿದವರಲ್ಲಿ ಅಮೆರಿಕದ ಕ್ಲಿಫ್ ಗ್ಯಾರೆಟ್ ಎಂಬ ಉದ್ಯಮಿಯ ಸಂಸ್ಥೆ ಅಗ್ರಗಣ್ಯವಾದುದು. ಆ ಸಂಸ್ಥೆಯ ‘೮೫’ ಎಂಬ ಮಾದರಿಯು ಮೊದಮೊದಲು ಗಾಡಿಯ ಮೇಲೆ ಕುಳಿತು ನಿಲ್ದಾಣದ ನೆಲದಲ್ಲಿ ಓಡಾಡುತ್ತ, ಜೆಟ್ಟುಗಳಿಗೆ ಗಾಳಿಯೂದಿ ಎಬ್ಬಿಸುವ ಊಳಿಗದಲ್ಲಿತ್ತು. ಬೋಯಿಂಗ್ ಸಂಸ್ಥೆಯವರು ಗಾಡಿಯೂ ಏಣಿಯೂ ಇಲ್ಲದ ಸಣ್ಣ ಊರುಗಳಿಗೂ ಹೋಗಬಲ್ಲ ಜೆಟ್ಟನ್ನು ಕಟ್ಟಬೇಕೆಂದು ಹೊರಟು, ಬಾಲದಡಿಯಲ್ಲಿ ಸ್ವಂತ ಮೆಟ್ಟಿಲನ್ನೂ ಚಕ್ರದ ಗೂಡಿನಲ್ಲಿ ಗ್ಯಾರೆಟ್ಟಿನ ಆ ಯಂತ್ರವನ್ನೂ ಇಟ್ಟು, ೧೯೬೩ರ ಫೆಬ್ರವರಿಯಲ್ಲಿ ೭೨೭ ಎಂಬ ವಿಮಾನವನ್ನು ಹಾರಿಸಿದರು. ನೆಲದ ಮೇಲೆ ಮಾತ್ರ ಓಡುತ್ತಿದ್ದ, ಆಕಾಶದಲ್ಲಿ ನಿರುಪಯೋಗಿಯಾದ ಯಂತ್ರವದು. ಆದರೂ ನಾಗರಿಕ ಜೆಟ್ಟಿಗೆ ಸ್ವಾವಲಂಬನೆಯನ್ನು ಕೊಟ್ಟುದು ಅದೇ. ಬಿಸಿನೆಸ್ ಜೆಟ್ಟುಗಳು ಬೆಳೆದುದೂ ಅದೇ ದಶಕದಲ್ಲಿ. ಅದೇ ವರ್ಷ ಹಾರಿದ ಲಿಯರ್‌ಜೆಟ್ ೨೩ರಂತಹ ಚಿಕ್ಕವು ಬ್ಯಾಟರಿಯಲ್ಲಿಯೇ ಸುಧಾರಿಸಿಕೊಂಡುವು. ಮೈ ಬೆಳೆದವು ಗ್ಯಾರೆಟ್ಟಿನ ಕಿರಿಯ ಮಾದರಿಗಳನ್ನು ಬಾಲದಲ್ಲಿ ಹೊತ್ತುವು. ಗ್ಯಾರೆಟ್ಟಿನ ಆ ಉದ್ಯಮವು ಈಗ ಹನಿವೆಲ್ಲಿನಲ್ಲಿ ಸೇರಿಹೋಗಿದೆ.

ಕಿರುಯಂತ್ರವಿಲ್ಲದೆಯೂ ಬಾಳುವ ಜಾಣತನವನ್ನು ಮಂಗಳೂರಿನ ಪ್ರಯಾಣಿಕರು ಪ್ರತಿದಿನ ಕಾಣುತ್ತಾರೆ, ಆದರೆ ಗಮನಿಸುವವರು ವಿರಳ. ಗೊರೂರಿನ ಕ್ಯಾಪ್ಟನ್ ಗೋಪಿನಾಥರು ೨೦೦೩ರಲ್ಲಿ ಏರ್ ಡೆಕ್ಕನ್ನನ್ನು ಆರಂಭಿಸಿದಾಗ ಆಯ್ದುಕೊಂಡ ಎಟಿಆರ್ ವಿಮಾನದಲ್ಲಿ ಎಪಿಯು ಇಲ್ಲ. ಅದರ ಬಲಯಂತ್ರದ ಪಂಖಕ್ಕೆ ತಡೆಯೊಂದನ್ನು ಬಿಗಿದು, ಪಂಖ ನಿಂತಿರುವಂತೆಯೇ ಒಳಗಿನ ಟರ್ಬೈನನ್ನು ಓಡಿಸಿ, ಅದರಿಂದಲೇ ವಿದ್ಯುತ್ತನ್ನೂ ತಂಪನ್ನೂ ಪಡೆಯುತ್ತಾರೆ. ಭಾರವೂ ಬೆಲೆಯೂ ಉಳಿಯುವ ಈ ಏರ್ಪಾಡು ಮಿತವ್ಯಯಿ ಸಂಸ್ಥೆಗೆ ಒಪ್ಪುವಂತಹದು.

ಹಾಗಿದ್ದರೆ ಕಿರುಯಂತ್ರವು ಅನಾವಶ್ಯಕವೇ? ೨೦೦೯ರ ಜನವರಿ ೧೫ರಂದು ನ್ಯೂಯಾರ್ಕಿನಲ್ಲಿ ಏರ್‌ಬಸ್ ವಿಮಾನವೊಂದರ ಎರಡು ಯಂತ್ರಗಳೂ ಹಕ್ಕಿಗಳ ಹಿಂಡಿಗೆ ಸಿಕ್ಕಿ ಶಕ್ತಿಗುಂದಿದಾಗ, ಕ್ಯಾಪ್ಟನ್ ಸಲೆನ್‌ಬರ್ಗರರು ಮೊದಲು ಮಾಡಿದ ಕೆಲಸಗಳಲ್ಲೊಂದು ಎಪಿಯುವನ್ನು ಎಬ್ಬಿಸಿದ್ದು. ಕೈಪಿಡಿಯ ಪಟ್ಟಿಯಲ್ಲಿ ಅದರ ಸರದಿ ಬಹಳ ಕೆಳಗೆ ಇದ್ದಿತು. ವಿದ್ಯುತ್ತು ಕಡಿಯದೆ ವಿಮಾನದ ರಕ್ಷಣಾವ್ಯವಸ್ಥೆ ಜೀವಂತವಾಗಿ ಉಳಿದುದರಿಂದ, ಅದನ್ನು ಹತೋಟಿಯಲ್ಲಿಟ್ಟು ಹಡ್ಸನ್ ನದಿಯ ಮೇಲೆ ಇಳಿಸುವುದು ಸಾಧ್ಯವಾಗಿ, ನೂರೈವತ್ತೈದು ಮಂದಿಯೂ ಬದುಕಿದರು.

ಬೆಂಗಳೂರಿನ ಕಥೆ ಲಿಬರೇಟರಿಗೇ ನಿಂತಿಲ್ಲ. ೨೦೦೧ರ ಜನವರಿ ೪ರಂದು ಮೊದಲು ಹಾರಿದ ತೇಜಸ್ ಯುದ್ಧವಿಮಾನದ ಮುಖ್ಯಯಂತ್ರ ಪರದೇಶದ್ದಾದರೂ, ಅದನ್ನು ಎಬ್ಬಿಸುವ ಜಿಟಿಎಸ್‌ಯು-೧೧೦ ಎಂಬ ಕಿರುಟರ್ಬೈನು ಅದೇ ಹಿಂದುಸ್ಥಾನ್ ಕಾರ್ಖಾನೆಯಿಂದ ಬೆಳೆದ ಎಚ್‌ಎಎಲ್ ಸಂಸ್ಥೆಯ ಬೆಂಗಳೂರಿನ ಯಂತ್ರಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡುದು. ೨೦೧೫ರ ಆರಂಭದಲ್ಲಿ ಲೇಹ್‌ನ ಕೊರೆವ ಚಳಿಯಲ್ಲಿ ಇಡೀ ರಾತ್ರಿ ಬಯಲಿನಲ್ಲಿ ನಿಲ್ಲಿಸಿ, ಬೆಳಗ್ಗೆ ಹೊರಗಿನ ಯಾವ ನೆರವೂ ಇಲ್ಲದೆ ತೇಜಸ್ಸನ್ನು ಚಾಲೂ ಮಾಡಿದ್ದು ಈ ಕಿರುಯಂತ್ರಕ್ಕೆ ಒಡ್ಡಿದ ಪರೀಕ್ಷೆಯೂ ಆಗಿದ್ದಿತು. ದೊಡ್ಡ ಯಂತ್ರವನ್ನು ನಿರ್ಮಿಸುವ ನಮ್ಮ ದೇಶದ ದೀರ್ಘಪ್ರಯತ್ನ ಕೈಗೂಡದೆ ಹೋದುದರ ಬಗ್ಗೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂದಿದೆ. ಸಣ್ಣದು ಕೈಗೂಡಿದ ಸುದ್ದಿಗೆ ಮೂಲೆಯ ಜಾಗ ಸಿಕ್ಕಿದ್ದೇ ಹೆಚ್ಚು.

ಈಚೆಗೆ ದೊಡ್ಡ ನಿಲ್ದಾಣಗಳಲ್ಲಿ ಗದ್ದಲಕ್ಕೂ ಹೊಗೆಗೂ ಅಂಜಿ ಈ ಯಂತ್ರವನ್ನು ಆರಿಸಿಡಬೇಕೆಂಬ ಕಟ್ಟಳೆಗಳು ಬರುತ್ತಿವೆ. ಜ್ಯೂರಿಕ್ಕಿನಂತಹ ಕಡೆಗಳಲ್ಲಿ ನಿಲ್ದಾಣದ ಕಟ್ಟಡವೇ ವಿದ್ಯುತ್ತನ್ನೂ ತಂಪುಗಾಳಿಯನ್ನೂ ಒದಗಿಸುವುದರಿಂದ, ವಿಮಾನವು ಮತ್ತೆ ನೆಲದ ಹಂಗಿಗೆ ಮರಳಿದಂತಾಗಿದೆ. ನಮ್ಮಲ್ಲಿ ತೋರಣಗಲ್ಲಿನ ವಿದ್ಯಾನಗರ, ಕೊಪ್ಪಳದ ಬಲ್ದೋಟಾ ಮುಂತಾದ ಖಾಸಗಿ ಓಡುಹಾದಿಗಳಿಗೆ ಗಣಿಯ, ಉಕ್ಕಿನ ಒಡೆಯರ ಜೆಟ್ಟುಗಳು ಬಂದಿಳಿಯುವಾಗ ಅಂತಹ ಸೌಕರ್ಯವನ್ನು ನಿರೀಕ್ಷಿಸುವಂತಿಲ್ಲ. ಬಾಗಿಲು ತೆರೆಯುವ ಮೊದಲೇ ಚಾಲಕನು ಎಪಿಯುವನ್ನು ಓಡಿಸಿ, ಅದರ ಮೇಲೆ ಹೊರೆ ಹಾಕಿ, ಆ ಬಳಿಕವೇ ಮುಖ್ಯಯಂತ್ರಗಳನ್ನು ಆರಿಸುತ್ತಾನೆ.