ವತನ

ವಂಶಪಾರಂಪರ್ಯವಾಗಿ ಬಂದ ಊರಿನ ಅಧಿಕಾರ ಅಥವಾ ಚಾಕರಿ, ಅದಕ್ಕೆ ಅಂಟಿಕೊಂಡ ಜಮೀನು, ಆಯ, ಮಾನಮರ್ಯಾದೆ ಇಷ್ಟೂ ಸೇರಿದ ಹಕ್ಕಿಗೆ ವತನ ಎನ್ನುತ್ತಾರೆ. ಹಕ್ಕುಳ್ಳವನು ವತನದಾರ. ಅರಬ್ಬಿಯಲ್ಲಿ ತಾಯ್ನೆಲ ಎಂಬ ಅರ್ಥವಿರುವ ಈ ಶಬ್ದ ಪಾರಸಿಯ ಮೂಲಕ ದಖನ್ನಿನ ಸುಲ್ತಾನರ ದಫ್ತರಗಳನ್ನು ಸೇರಿ, ಮರಾಠಿಯಲ್ಲೂ ಉತ್ತರ ಕರ್ನಾಟಕದ ಕನ್ನಡದಲ್ಲೂ ಬೇರೂರಿತು. ಸೇವೆಗೆ ಭೂಮಿ ಬಿಡುವ ರೂಢಿ ಮಾತ್ರ ಅದಕ್ಕಿಂತ ಹಳೆಯದು. ಉಂಬಳಿ, ಮಾನ್ಯ, ಕೊಡಗೆಗಳನ್ನು ಕನ್ನಡ ಶಾಸನಗಳು ಹೇರಳವಾಗಿ ದಾಖಲಿಸಿವೆ.

ಪರಗಣೆಗೆ ದೇಸಾಯಿ, ದೇಶಪಾಂಡೆ. ಹಳ್ಳಿಗೆ ಪಾಟೀಲ, ಕುಲಕರ್ಣಿ. ಅವರ ಕೈಕೆಳಗೆ ತಳವಾರ, ವಾಲೀಕಾರ. ಇವೆಲ್ಲ ಇಂದು ಅಡ್ಡಹೆಸರುಗಳು. ವತನ ಅಣ್ಣತಮ್ಮಂದಿರಲ್ಲಿ ಪಾಲಾಗುತ್ತಿತ್ತು, ಅಡವಿಗೂ ಮಾರಾಟಕ್ಕೂ ಒದಗುತ್ತಿತ್ತು. ವ್ಯಾಜ್ಯ ಹೊಲಕ್ಕಷ್ಟೇ ನಿಲ್ಲುತ್ತಿರಲಿಲ್ಲ: ಮೊದಲ ವೀಳ್ಯ ಯಾರಿಗೆ, ಕಾಮನಿಗೆ ಬೆಂಕಿ ಇಡುವವರು ಯಾರು, ಕಾರಹುಣ್ಣಿಮೆಗೆ ಯಾರ ಎತ್ತು ಮುಂದೆ ಎಂಬುದಕ್ಕೂ ಮನೆತನಗಳು ಬಡಿದಾಡಿವೆ.

ಬ್ರಿಟಿಷರು 1874ರಲ್ಲಿ ಮುಂಬಯಿ ಪ್ರಾಂತಕ್ಕೆ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ತಂದರು. ಬೆಳಗಾವಿ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಡಿ ಬಂದವು. ಸರಕಾರದ ಒಪ್ಪಿಗೆಯಿಲ್ಲದೆ ವತನದ ಆಸ್ತಿಯನ್ನು ತನ್ನ ಜೀವಿತಾವಧಿಯಾಚೆಗೆ ಹೊರಗಿನವರಿಗೆ ಪರಭಾರೆ ಮಾಡಲು ವತನದಾರನಿಗೆ ಅಧಿಕಾರವಿರಲಿಲ್ಲ.

ಗೌಡನಿಗೆ ಗತ್ತು ತಂದ ಪದವೇ ದಲಿತನಿಗೆ ಸಂಕೋಲೆಯಾಯಿತು. ವತನದ ಇತಿಹಾಸದಲ್ಲಿ ಮರೆಯಬಾರದ ಸಂಗತಿ ಇದು. ಮಹಾರ ವತನದಾರನಿಗೆ ಹಗಲು ರಾತ್ರಿಯ ಗೊತ್ತಿಲ್ಲ. ಟಪಾಲು ಒಯ್ಯಬೇಕು, ಬಂದ ಅಧಿಕಾರಿಗಳ ಚಾಕರಿ ಮಾಡಬೇಕು; ಆತ ಕೈಗೆ ಸಿಗದಿದ್ದರೆ ಮನೆಯವರು ದುಡಿಯಬೇಕು. ಪ್ರತಿಫಲವಾಗಿ ಪಾಲು ಹರಿದು ಹಂಚಿಹೋದ ತುಂಡು ಹೊಲ ಮತ್ತು ರೈತರು ಮನಸ್ಸಿದ್ದರೆ ಅಳೆಯುವ ಕಾಳು. ದುಡಿಮೆ ಸರಕಾರದ್ದು, ಕೂಲಿ ಊರವರ ಮರ್ಜಿ. ಇದನ್ನು ಬದಲಿಸಲು ಡಾ. ಬಿ.ಆರ್. ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಕಾಯಿದೆಯ ತಿದ್ದುಪಡಿ ಮಸೂದೆ ಮಂಡಿಸಿದರು. ಬೆಂಬಲ ಸಾಲದೆ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು.

ಮುಂಬಯಿ ರಾಜ್ಯ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು 1950ರ ಕಾಯಿದೆಯಿಂದ ತೆಗೆದುಹಾಕಿತು. ಕರ್ನಾಟಕದಲ್ಲಿ 1961ರ ಮೈಸೂರು ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ಪಟೇಲ, ಶಾನುಭೋಗ, ತೋಟಿ, ತಳವಾರಿಕೆಗಳನ್ನು ಒಟ್ಟಿಗೇ ಕೊನೆಗಾಣಿಸಿತು. ಜಮೀನು ಸರಕಾರಕ್ಕೆ ಸೇರಿ, ಹಣ ಕಟ್ಟಿದ ಹಳೆಯ ಹಕ್ಕುದಾರರಿಗೆ ಮರುಮಂಜೂರಾಯಿತು. ಬಡ ಚಾಕರಿದಾರರ ಎಷ್ಟೋ ಹೊಲಗಳು ಬಳಿಕ ಕೈಬಿಟ್ಟುಹೋದವು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯಲು 1978ರಲ್ಲಿ ರೂಪುಗೊಂಡ ಕಾಯಿದೆ ವಂಶಪಾರಂಪರ್ಯ ಹುದ್ದೆಯ ಜಮೀನನ್ನು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿತು.