ಸೆಗಣಿ ಅನಿಲ ಮತ್ತು ಗ್ರಾಮಸಮುದಾಯ: ಪುರ ಹಾಗೂ ಬಾಗೇಪಲ್ಲಿಯ ಎರಡು ಪ್ರಯೋಗಗಳು

1973ರ ಅಕ್ಟೋಬರ್ ತಿಂಗಳಲ್ಲಿ ಪಶ್ಚಿಮ ಏಷ್ಯಾದಲ್ಲಿ ಯುದ್ಧ ಆರಂಭವಾದಾಗ ಅರಬ್ ರಾಷ್ಟ್ರಗಳು ತೈಲ ಪೂರೈಕೆಗೆ ನಿರ್ಬಂಧ ಹೇರಿದವು. ಪೀಪಾಯಿಯೊಂದಕ್ಕೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲದ ಬೆಲೆ 1974ರ ಆರಂಭಕ್ಕೆ 12 ಡಾಲರುಗಳ ಸಮೀಪಕ್ಕೆ ಏರಿತು. ತನಗೆ ಬೇಕಾದ ತೈಲದ ಬಹುಭಾಗವನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದ್ದ ಭಾರತಕ್ಕೆ ಇದು ದೊಡ್ಡ ಆಘಾತವಾಯಿತು. ಬುಡ್ಡಿ ದೀಪದ ಸೀಮೆಎಣ್ಣೆಯನ್ನೇ ನಂಬಿದ್ದ ಹಳ್ಳಿಗಳೂ ಇದರಿಂದ ಹೊರತಾಗಿರಲಿಲ್ಲ. ಮೂರು ದಶಕಗಳ ಅನಂತರ ವಾಯುಗುಣ ಬದಲಾವಣೆ ಎಂಬ ಇನ್ನೊಂದು ಚಿಂತೆ ಇದರ ಜೊತೆಗೂಡಿತು. ಈ ಎರಡು ಸಂದರ್ಭಗಳಲ್ಲಿ ಕರ್ನಾಟಕದ ಗ್ರಾಮಸಮುದಾಯಗಳು ನಡೆಸಿದ ಎರಡು ಪ್ರಯೋಗಗಳನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಎರಡಕ್ಕೂ ಮೂಲವಸ್ತು ದನದ ಸೆಗಣಿಯೇ. ಆದರೆ ಪ್ರಯೋಗದ ಸಾಫಲ್ಯವನ್ನು ನಿರ್ಧರಿಸಿದ್ದು ತಂತ್ರಜ್ಞಾನವೊಂದೇ ಅಲ್ಲ. ಅಗತ್ಯ ಯಾವುದು ಎಂಬುದನ್ನು ಯಾರು ಹೇಳಿದರು ಎಂಬುದೂ ಅಷ್ಟೇ ಮುಖ್ಯವಾಗಿತ್ತು ಎಂಬುದು ಇಲ್ಲಿನ ಪ್ರತಿಪಾದನೆ.

ಪುರ: ಅಡುಗೆಯಿಂದ ನೀರಿನೆಡೆಗೆ

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಸ್ಥಾಪನೆಗೊಂಡಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವುದು ಅದರ ಗುರಿ. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿದ್ದ ಅಮೂಲ್ಯ ಕುಮಾರ್ ಎನ್. ರೆಡ್ಡಿ (1930–2006) ಅವರು ಇದರ ಪ್ರೇರಕಶಕ್ತಿಯಾಗಿದ್ದರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರದ ವಿಸ್ತರಣಾ ನೆಲೆ ಆರಂಭವಾಯಿತು. ಅದರ ಸಮೀಪದ ಪುರ ಎಂಬ ಚಿಕ್ಕ ಹಳ್ಳಿ ಅಧ್ಯಯನದ ಕ್ಷೇತ್ರವಾಯಿತು.

1977ರ ಸಮೀಕ್ಷೆಯ ವೇಳೆಗೆ ಪುರದಲ್ಲಿ 56 ಮನೆಗಳೂ 357 ಜನರೂ ಇದ್ದರು. ಹಳ್ಳಿಯ ಶಕ್ತಿಬಳಕೆಯಲ್ಲಿ ಸೌದೆಯದೇ ಸಿಂಹಪಾಲು. ವಿದ್ಯುತ್ತಿನ ಪಾಲು ಶೇಕಡಾ ಒಂದನ್ನೂ ಮುಟ್ಟಿರಲಿಲ್ಲ. ಸೌದೆ ಆರಿಸುವುದು, ನೀರು ಹೊರುವುದು, ಅಡುಗೆ, ಬೇಸಾಯ ಮುಂತಾದವುಗಳಿಗೆ ವ್ಯಯವಾಗುತ್ತಿದ್ದ ಮಾನವಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು ಎಂಬುದೂ ಈ ಅಧ್ಯಯನದಿಂದ ತಿಳಿದುಬಂದಿತು. ಅಂಕಿಅಂಶಗಳನ್ನು ನೋಡಿದವರಿಗೆ ಸಹಜವಾಗಿ ತೋರುವ ಪರಿಹಾರವೆಂದರೆ ಅಡುಗೆಗೆ ಅನಿಲ ಒದಗಿಸುವುದು. ಸಮುದಾಯಕ್ಕೆ ಸೇರಿದ ಜೈವಿಕ ಅನಿಲ ಸ್ಥಾವರವನ್ನು ಕಟ್ಟಿ, 1980ರ ದಶಕದ ಪೂರ್ವಾರ್ಧದಲ್ಲಿ ಮೊದಲು ಯತ್ನಿಸಿದ್ದೂ ಇದನ್ನೇ.

ಆ ಯತ್ನ ಫಲಿಸಲಿಲ್ಲ. ಊರಿನಲ್ಲಿ ದೊರೆಯುವ ಸೆಗಣಿಯಿಂದ ಎಲ್ಲ ಒಲೆಗಳಿಗೂ ಸಾಲುವಷ್ಟು ಅನಿಲ ಹುಟ್ಟುತ್ತಿರಲಿಲ್ಲ. ಸಾಲದ ಅನಿಲವನ್ನು ಹಂಚಿಕೊಳ್ಳಬೇಕಾದಾಗ ಜನರ ಆಸಕ್ತಿ ಕುಂದಿತು. ಸೌದೆಗೆ ಬೆವರು ಸುರಿಸಬೇಕಿತ್ತೇ ಹೊರತು ಹಣ ತೆರಬೇಕಾಗಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಗ್ರಾಮಸ್ಥರು ಮುಂದಿಟ್ಟ ಬೇಡಿಕೆ ಬೇರೆಯಾಗಿತ್ತು: ಮೊದಲು ಕುಡಿಯುವ ನೀರು, ಅನಂತರ ದೀಪ. ಈ ಮಾತಿಗೆ ಮನ್ನಣೆ ದೊರೆತ ಮೇಲೆಯೇ ಯೋಜನೆಯ ದಿಕ್ಕು ಬದಲಾಯಿತು.

1987ರಲ್ಲಿ ವ್ಯವಸ್ಥೆ ಹೊಸ ರೂಪದಲ್ಲಿ ಆರಂಭವಾಯಿತು. ಅನಿಲವನ್ನು ಒಲೆಗೆ ಹರಿಸುವ ಬದಲು 5 ಕಿಲೋವಾಟ್ ಸಾಮರ್ಥ್ಯದ ವಿದ್ಯುಜ್ಜನಕವನ್ನು ನಡೆಸುವ ಎಂಜಿನ್ನಿಗೆ ಹರಿಸಲಾಯಿತು. ಎಂಜಿನ್ನಿಗೆ ಸ್ವಲ್ಪ ಡೀಸೆಲ್ ಬೇಕಾಗಿತ್ತು. ಉಳಿದ ಪಾಲನ್ನು ಅನಿಲವೇ ತುಂಬುತ್ತಿತ್ತು. ಕೊಳವೆ ಬಾವಿಯ ನೀರು ನಲ್ಲಿಗಳಿಗೆ ಬಂದಿತು, ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟು ಹೊತ್ತಿತು. ತಂದುಕೊಟ್ಟ ಸೆಗಣಿಯನ್ನು ತೂಗಿ ಲೆಕ್ಕ ಬರೆದು ಕಿಲೋಗ್ರಾಮಿಗೆ ಇಂತಿಷ್ಟು ಪೈಸೆ ಕೊಡಲಾಗುತ್ತಿತ್ತು. ಅನಿಲ ತೆಗೆದ ಮೇಲೆ ಉಳಿದ ಬಗ್ಗಡವನ್ನು ಸೋಸಿ, ಅವರವರ ಪಾಲಿಗೆ ತಕ್ಕಂತೆ ಗೊಬ್ಬರವಾಗಿ ಹಿಂದಿರುಗಿಸಲಾಗುತ್ತಿತ್ತು. ದೀಪ ಮತ್ತು ನೀರಿಗೆ ಮನೆಯವರು ತಿಂಗಳ ಶುಲ್ಕ ತೆರುತ್ತಿದ್ದರು. ತಿಪ್ಪೆಗೆ ಸೇರಬೇಕಾದ ಗೊಬ್ಬರ ನಷ್ಟವಾಗದೆ, ಅದರಿಂದಲೇ ಬೆಳಕೂ ನೀರೂ ದೊರೆತದ್ದು ಈ ಏರ್ಪಾಡಿನ ವಿಶೇಷ.

ಸುಮಾರು ಒಂದು ದಶಕದ ಅನಂತರ ವ್ಯವಸ್ಥೆ ನಿಂತುಹೋಯಿತು. ರಾಜ್ಯದ ಇತರೆಡೆ ಬಡವರ ಮನೆಗೆ ಭಾಗ್ಯಜ್ಯೋತಿಯಂತಹ ಯೋಜನೆಗಳಿಂದ ದೀಪವೂ, ರೈತರ ಪಂಪುಗಳಿಗೆ ರಿಯಾಯಿತಿ ವಿದ್ಯುತ್ತೂ ದೊರೆಯುತ್ತಿದ್ದ ಕಾಲವದು. ಅಂತಹ ಸನ್ನಿವೇಶದಲ್ಲಿ ತಾನೇ ದುಡಿದು, ತಾನೇ ಶುಲ್ಕ ತೆತ್ತು, ತಾನೇ ವಸೂಲಿ ಮಾಡುವ ಹೊಣೆಯನ್ನು ಒಂದು ಹಳ್ಳಿ ಮಾತ್ರ ಹೊತ್ತುಕೊಂಡು ಮುಂದುವರಿಯುವುದು ಸುಲಭವಲ್ಲ.

ಬಾಗೇಪಲ್ಲಿ: ಮನೆಮನೆಯ ಒಲೆ

1997ರ ಕ್ಯೋಟೋ ಒಪ್ಪಂದವು 2005ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು. ಹಿಂದುಳಿದ ನಾಡುಗಳಲ್ಲಿ ಹಸಿರುಮನೆ ಅನಿಲಗಳನ್ನು ತಗ್ಗಿಸುವ ಯೋಜನೆಗಳಿಂದ ದೊರೆಯುವ ಪ್ರಮಾಣಪತ್ರಗಳನ್ನು ಕೈಗಾರಿಕಾ ರಾಷ್ಟ್ರಗಳು ಕೊಳ್ಳಬಹುದಾದ ವ್ಯವಸ್ಥೆ ಅದರಲ್ಲಿತ್ತು. ಇದರ ಲಾಭ ಸಾಮಾನ್ಯವಾಗಿ ದೊಡ್ಡ ಕಾರ್ಖಾನೆಗಳಿಗೆ ದೊರೆಯುತ್ತಿತ್ತು. ಆದರೆ 2005ರಲ್ಲೇ ನೋಂದಣಿಯಾದ ಬಾಗೇಪಲ್ಲಿಯ ಯೋಜನೆಯ ಹಿಂದೆ ಇದ್ದದ್ದು ಕೂಲಿ ಸಂಘ.

ಆಗ ಕೋಲಾರ ಜಿಲ್ಲೆಗೂ 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೂ ಸೇರಿದ ಈ ಬರಪೀಡಿತ ಗಡಿ ತಾಲ್ಲೂಕಿನಲ್ಲಿ, 1970ರ ದಶಕದ ಕೊನೆಯಲ್ಲಿ ಆರಂಭವಾದ ಎಡಿಎಟಿಎಸ್ ಎಂಬ ಸ್ವಯಂಸೇವಾ ಸಂಸ್ಥೆಯ ಬೆಂಬಲದಿಂದ ಸಣ್ಣ ರೈತರೂ ಭೂರಹಿತ ಕೂಲಿಕಾರರೂ ಸಂಘಟಿತರಾಗಿದ್ದರು. ಸದಸ್ಯ ಕುಟುಂಬಗಳಿಗೆ 2 ಘನ ಮೀಟರ್ ಸಾಮರ್ಥ್ಯದ 5,500 ಅನಿಲ ಸ್ಥಾವರಗಳನ್ನು ಕಟ್ಟಿಕೊಡುವುದು ಯೋಜನೆಯ ಗುರಿ. ಒಲೆಗೆ ಉರಿಸುತ್ತಿದ್ದ ಸೌದೆ ಮತ್ತು ಸೀಮೆಎಣ್ಣೆಯಲ್ಲಾದ ಉಳಿತಾಯವೇ ಪ್ರಮಾಣಪತ್ರಗಳ ಲೆಕ್ಕಕ್ಕೆ ಆಧಾರ. ಅವುಗಳ ಮಾರಾಟದ ಹಣದಿಂದ ವೆಚ್ಚ ತುಂಬಿಕೊಳ್ಳುವುದು ಏರ್ಪಾಡು.

ಪುರದಲ್ಲಿ ಸೋತ ಅಡುಗೆ ಅನಿಲ ಇಲ್ಲಿ ಸ್ವೀಕೃತವಾದದ್ದು ವಿರೋಧಾಭಾಸವೆಂದು ತೋರಬಹುದು. ಆದರೆ ಇಲ್ಲಿ ಸ್ಥಾವರವು ದನ ಸಾಕಿರುವ ಮನೆಯ ಹಿತ್ತಲಿನದು. ತನ್ನ ಸೆಗಣಿ ತನ್ನ ಒಲೆಗೆ ಎಂಬ ಲೆಕ್ಕದಲ್ಲಿ ಹಂಚಿಕೆಯ ತಕರಾರಿಗೆ ಎಡೆಯಿಲ್ಲ. ಹೊಗೆಯಿಲ್ಲದ ಅಡುಗೆಮನೆಯ ಪ್ರಯೋಜನ ನೇರವಾಗಿ ಹೆಂಗಸರಿಗೆ ದೊರೆಯುವುದರಿಂದ ಅದರ ಪಾಲನೆಯಲ್ಲಿ ಅವರಿಗೆ ಸಹಜ ಆಸಕ್ತಿಯೂ ಇತ್ತು. ಇದರ ಮಿತಿಯೂ ಇಲ್ಲಿಯೇ ಇದೆ: ದನವಿಲ್ಲದ ಮನೆ ಈ ಲೆಕ್ಕದಿಂದ ಹೊರಗುಳಿಯುತ್ತದೆ. ಪುರದಲ್ಲಾದರೋ ದನವಿಲ್ಲದವನ ಮನೆಗೂ ದೀಪ ದೊರೆಯಬಹುದಾಗಿತ್ತು.

ಸಮಾರೋಪ

ಎರಡೂ ಕಡೆ ಆರಂಭದ ಪ್ರೇರಣೆ ಹೊರಗಿನಿಂದ ಬಂದದ್ದೇ: ಒಂದೆಡೆ ವಿಜ್ಞಾನಿಗಳು, ಇನ್ನೊಂದೆಡೆ ಸ್ವಯಂಸೇವಾ ಸಂಸ್ಥೆ. ಆದ್ದರಿಂದ ಇವನ್ನು ಜನರಿಂದಲೇ ತಾನಾಗಿ ಹುಟ್ಟಿದ ಚಳವಳಿಗಳೆಂದು ಕರೆಯುವುದು ಸರಿಯಾಗದು. ಆದರೆ ಪುರದವರು ಅನಿಲದ ಒಲೆಯನ್ನು ಒಲ್ಲೆವೆಂದು ನೀರನ್ನು ಕೇಳಿದಾಗ ಯೋಜನೆ ಅವರದಾಯಿತು. ಹಾಗೆಯೇ ಹೊರಗಿನ ಆಸರೆಗೆ ಅದರದೇ ಆದ ಅಪಾಯಗಳಿವೆ. ಪುರವು ಸುತ್ತಲಿನ ಸರ್ಕಾರಿ ರಿಯಾಯಿತಿಗಳ ನಡುವೆ ಒಂಟಿಯಾಯಿತು; ಪ್ರಮಾಣಪತ್ರಗಳನ್ನು ನೆಚ್ಚಿದ ಯೋಜನೆಗಳೆಲ್ಲ 2012ರ ವೇಳೆಗೆ ಅವುಗಳ ಬೆಲೆ ಕುಸಿದಾಗ ಮಾರುಕಟ್ಟೆಯ ಚಂಚಲತೆಯನ್ನು ಎದುರಿಸಬೇಕಾಯಿತು.

ಶಕ್ತಿಯ ಇತಿಹಾಸವನ್ನು ನಾವು ಸಾಮಾನ್ಯವಾಗಿ ಶಿವನಸಮುದ್ರ, ಜೋಗಗಳ ಮೂಲಕ ಬರೆಯುತ್ತೇವೆ. ಸೆಗಣಿ ತೂಗಿದ ಲೆಕ್ಕದ ಪುಸ್ತಕ, ಕೂಲಿ ಸಂಘದ ನಡಾವಳಿಗಳು ಇವೂ ಆ ಇತಿಹಾಸದ ಆಕರಗಳೇ ಆಗಿವೆ. ಇಂತಹ ದಾಖಲೆಗಳನ್ನು ಸಂಗ್ರಹಿಸಿ ಕಾಪಾಡದಿದ್ದರೆ, ಮುಂದಿನ ಯೋಜನೆಗಾರರು ಪುರದ ಮೊದಲ ತಪ್ಪನ್ನೇ ಮತ್ತೆ ಮಾಡುವ ಸಂಭವವಿದೆ.