ಅಂಚೆಯಲ್ಲಿ ಬಂದ ಯೂನಿವರ್ಸಿಟಿ

2020ರ ಮಾರ್ಚಿನಲ್ಲಿ ಕಾಲೇಜುಗಳಿಗೆಲ್ಲ ಬೀಗ ಬಿತ್ತಲ್ಲ, ಕೆಲವೇ ವಾರಗಳಲ್ಲಿ ಪಾಠಗಳು ಆನ್‌ಲೈನ್ ಆದವು. ಲ್ಯಾಪ್‌ಟಾಪ್, ವೈಫೈ, ಬಾಗಿಲು ಹಾಕಿಕೊಳ್ಳೋಕೆ ಒಂದು ಕೋಣೆ ಇದ್ದವರಿಗೆ ತರಗತಿ ಮುಂದುವರಿಯಿತು. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಮನೆಗೊಂದೇ ಮೊಬೈಲ್ ಇದ್ದ ಕಡೆ ಅದು ಅಣ್ಣನಿಗೋ ತಂಗಿಗೋ ಅನ್ನುವ ಪ್ರಶ್ನೆ ಬಂತು. ಉತ್ತರ ಏನಿರುತ್ತಿತ್ತು ಅಂತ ಊಹಿಸೋದು ಕಷ್ಟವಲ್ಲ. ಟೆಕ್ನಾಲಜಿ ಇನ್ನೂ ಎಲ್ಲರಿಗೂ ತಲುಪಿಲ್ಲ, ಏನು ಮಾಡೋಕಾಗುತ್ತೆ ಎಂದು ನಾವು ಸಮಾಧಾನ ಮಾಡಿಕೊಂಡೆವು.

ನಿಜಕ್ಕೂ ಅದು ಟೆಕ್ನಾಲಜಿಯ ಸಮಸ್ಯೆಯೇ? ಇದಕ್ಕೆ ಉತ್ತರ ಬೇಕಾದರೆ ಸುಮಾರು 50 ವರ್ಷ ಹಿಂದಕ್ಕೆ, ಬ್ರಿಟನ್ನಿಗೆ ಹೋಗಬೇಕು. ಇಂಟರ್ನೆಟ್ ಎಂಬ ಪದವೇ ಜನರ ಬಾಯಲ್ಲಿ ಇಲ್ಲದ ಕಾಲದಲ್ಲಿ ಅಲ್ಲೊಂದು ವಿಶ್ವವಿದ್ಯಾಲಯ ಶುರುವಾಯಿತು. ಅದರ ಹೆಸರು ಓಪನ್ ಯೂನಿವರ್ಸಿಟಿ.

ಆಗಿನ ಬ್ರಿಟನ್ ಹೇಗಿತ್ತು ನೋಡಿ. 1960ರ ದಶಕದ ಆರಂಭದಲ್ಲಿ ಅಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುತ್ತಿದ್ದವರು ನೂರು ಯುವಜನರಲ್ಲಿ ಸುಮಾರು ನಾಲ್ಕು ಮಂದಿ. ಉಳಿದವರು ಹದಿನೈದು ಹದಿನಾರಕ್ಕೇ ಶಾಲೆ ಬಿಟ್ಟು ಕಾರ್ಖಾನೆಗೋ ಅಂಗಡಿಗೋ ಆಫೀಸಿಗೋ ಸೇರುತ್ತಿದ್ದರು. ಒಮ್ಮೆ ತಪ್ಪಿದ ಬಸ್ಸು ಮತ್ತೆ ಬರುತ್ತಿರಲಿಲ್ಲ. 1963ರಲ್ಲಿ ಗ್ಲಾಸ್ಗೋದ ಭಾಷಣವೊಂದರಲ್ಲಿ ಲೇಬರ್ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್, ರೇಡಿಯೊ ಮತ್ತು ಟಿವಿ ಬಳಸಿ 'ಗಾಳಿಯ ವಿಶ್ವವಿದ್ಯಾಲಯ' ಮಾಡೋಣ ಎಂದರು. ಮಾರನೇ ವರ್ಷ ಅವರೇ ಪ್ರಧಾನಿಯಾದರು. ಆದರೆ ಆ ಮಾತನ್ನು ಕಟ್ಟಡವಾಗಿಸಿದ್ದು ಜೆನ್ನಿ ಲೀ.

ಜೆನ್ನಿ ಲೀ ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು. ಕಷ್ಟಪಟ್ಟು ಎಡಿನ್‌ಬರೋದಲ್ಲಿ ಓದಿದಾಕೆ, 24ನೇ ವಯಸ್ಸಿಗೇ ಸಂಸದೆ. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ವ್ಯವಸ್ಥೆ ಎನ್‌ಎಚ್‌ಎಸ್ ಕಟ್ಟಿದ ಅನ್ಯೂರಿನ್ ಬೆವನ್ ಇವರ ಗಂಡ. ವಿಲ್ಸನ್ ಈ ಯೋಜನೆಯನ್ನು ಅವರ ಕೈಗೆ ಕೊಟ್ಟಾಗ ಸುತ್ತ ಇದ್ದವರು ಒಂದು ಸುಲಭದ ದಾರಿ ತೋರಿಸಿದರು: ಡಿಗ್ರಿ ಎಲ್ಲ ಯಾಕೆ? ಕೆಲಸ ಮಾಡೋ ಜನಕ್ಕೆ ಯಾವುದೋ ಒಂದು ಸರ್ಟಿಫಿಕೇಟ್ ಕೋರ್ಸ್ ಸಾಕಲ್ಲ? ಲೀ ಒಪ್ಪಲಿಲ್ಲ. ಕೊಡುವುದಾದರೆ ಬೇರೆ ಯಾವ ವಿಶ್ವವಿದ್ಯಾಲಯಕ್ಕೂ ಕಡಿಮೆಯಿಲ್ಲದ ಡಿಗ್ರಿಯನ್ನೇ ಕೊಡಬೇಕು, ಬಡವರಿಗೆ ಅಂತ ಎರಡನೇ ದರ್ಜೆಯ ಮಾಲು ಬೇಡ ಅನ್ನುವುದು ಅವರ ಹಟ. ಜೊತೆಗೆ ಇನ್ನೊಂದು ಷರತ್ತು: ಸೇರೋಕೆ ಹಳೇ ಮಾರ್ಕ್ಸ್ ಕಾರ್ಡ್ ಕೇಳಬಾರದು. ಒಳಗೆ ಬರಲು ಅರ್ಹತೆ ಬೇಡ, ಹೊರಗೆ ಹೋಗಲು ಬೇಕೇ ಬೇಕು.

ಅನೇಕರಿಗೆ ಇದು ತಮಾಷೆಯಾಗಿ ಕಂಡಿತು. ವಿರೋಧ ಪಕ್ಷದ ಇಯನ್ ಮ್ಯಾಕ್ಲಿಯಡ್ ಇದನ್ನು ಶುದ್ಧ ಅಸಂಬದ್ಧ ಅಂತ ತಳ್ಳಿಹಾಕಿದ್ದರು. 1970ರ ಚುನಾವಣೆಯಲ್ಲಿ ಅವರ ಪಕ್ಷವೇ ಗೆದ್ದಿತು. ಜೆನ್ನಿ ಲೀ ಸ್ವತಃ ಸೋತರು. ಆಗ ಶಿಕ್ಷಣ ಮಂತ್ರಿಯಾಗಿ ಬಂದವರು ಮಾರ್ಗರೆಟ್ ಥ್ಯಾಚರ್. ಯೋಜನೆಯ ಕಥೆ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡಿರಬೇಕು. ಆದರೆ ಕಡಿಮೆ ಖರ್ಚಿನಲ್ಲಿ ಪದವೀಧರರು ಸಿಗುತ್ತಾರೆ ಅನ್ನುವ ಲೆಕ್ಕ ಥ್ಯಾಚರ್‌ಗೆ ಹಿಡಿಸಿತು, ವಿಶ್ವವಿದ್ಯಾಲಯ ಉಳಿಯಿತು. ಒಬ್ಬರು ನ್ಯಾಯಕ್ಕಾಗಿ ಕಟ್ಟಿದ್ದನ್ನು ಇನ್ನೊಬ್ಬರು ಉಳಿತಾಯಕ್ಕಾಗಿ ಕಾಪಾಡಿದರು!

1971ರ ಜನವರಿಯಲ್ಲಿ ಪಾಠ ಆರಂಭ. 40 ಸಾವಿರಕ್ಕೂ ಹೆಚ್ಚು ಜನ ಅರ್ಜಿ ಹಾಕಿದ್ದರು, ಸುಮಾರು 24 ಸಾವಿರ ಮಂದಿಗೆ ಸೀಟು ಸಿಕ್ಕಿತು. ಇನ್ನು ನೋಡಿ ತಾಪತ್ರಯ. ಜನವರಿ 20ರಂದು ದೇಶದ ಅಂಚೆ ನೌಕರರೆಲ್ಲ ಮುಷ್ಕರ ಹೂಡಿದರು! ಏಳು ವಾರ ಕಾಗದ ಪತ್ರ ಬಂದ್. ಅಂಚೆಯನ್ನೇ ನಂಬಿದ್ದ ಯೂನಿವರ್ಸಿಟಿಗೆ ಇದಕ್ಕಿಂತ ಕೆಟ್ಟ ಶಕುನ ಬೇಕೇ? ಆದರೂ ಅದು ಮುಗ್ಗರಿಸಿ ಬೀಳಲಿಲ್ಲ. ಅಂಚೆ ಒಂದನ್ನೇ ಅಥವಾ ಟಿವಿ ಒಂದನ್ನೇ ನೆಚ್ಚಿಕೊಂಡು ಅದನ್ನು ಕಟ್ಟಿರಲಿಲ್ಲ ಅನ್ನುವುದು ಅದಕ್ಕೆ ಒಂದು ದೊಡ್ಡ ಕಾರಣ.

'ಗಾಳಿಯ ವಿಶ್ವವಿದ್ಯಾಲಯ' ಅನ್ನುವ ಹೆಸರು ಕೇಳಿದರೆ ಎಲ್ಲವೂ ಟಿವಿಯಲ್ಲೇ ನಡೆಯುತ್ತಿತ್ತು ಅನ್ನಿಸುತ್ತೆ. ಹಾಗೇನಿಲ್ಲ. ಬಿಬಿಸಿ ಕಾರ್ಯಕ್ರಮಗಳು ಓದಿನ ಒಂದು ಸಣ್ಣ ಭಾಗ ಮಾತ್ರ. ಬೆನ್ನೆಲುಬು ಅಂದರೆ ಮನೆಗೆ ಬರುತ್ತಿದ್ದ ಪುಸ್ತಕಗಳು. ಒಬ್ಬ ಪ್ರೊಫೆಸರ್ ಕೂತು ಬರೆದ ನೋಟ್ಸ್ ಅಲ್ಲ ಅವು. ಹಲವು ಅಧ್ಯಾಪಕರು, ಬಿಬಿಸಿಯ ನಿರ್ಮಾಪಕರು, ಕಲಿಕೆಯ ವಿಧಾನ ಬಲ್ಲವರು ಒಂದು ತಂಡವಾಗಿ ಕೂತು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಿ ಮಾಡಿದ್ದು. ಓದುವಾಕೆ ಅಡುಗೆಮನೆಯ ಮೇಜಿನ ಮುಂದೆ ರಾತ್ರಿ ಹತ್ತಕ್ಕೆ ಒಬ್ಬಳೇ ಕೂತಿರುತ್ತಾಳೆ, ಅರ್ಥವಾಗದಿದ್ದರೆ ಕೈ ಎತ್ತಿ ಕೇಳಲು ಯಾರೂ ಇಲ್ಲ ಅನ್ನುವುದನ್ನು ತಲೆಯಲ್ಲಿಟ್ಟುಕೊಂಡೇ ಬರೆಯಬೇಕಿತ್ತು.

ವಿಜ್ಞಾನಕ್ಕೆ ಲ್ಯಾಬ್ ಬೇಕಲ್ಲ? ಲ್ಯಾಬನ್ನೇ ಪೆಟ್ಟಿಗೆಯಲ್ಲಿ ಹಾಕಿ ಮನೆಗೆ ಕಳಿಸಿದರು. ಅದರಲ್ಲಿ ರಾಸಾಯನಿಕಗಳು, ಉಪಕರಣಗಳ ಜೊತೆಗೆ ಅಂಗೈಯಲ್ಲಿ ಹಿಡಿಯಬಹುದಾದ ಪ್ಲಾಸ್ಟಿಕ್ ಮೈಕ್ರೋಸ್ಕೋಪ್ ಇರುತ್ತಿತ್ತು. ಕೋರ್ಸ್ ಮುಗಿದ ಮೇಲೆ ಪೆಟ್ಟಿಗೆ ವಾಪಸ್.

ಇಷ್ಟಾದರೂ ಅದು ಕೇವಲ ಒಳ್ಳೆಯ ಪಾರ್ಸೆಲ್ ಸರ್ವಿಸ್ ಆಗುತ್ತಿತ್ತು, ಯೂನಿವರ್ಸಿಟಿ ಆಗುತ್ತಿರಲಿಲ್ಲ. ಅಸಲಿ ಕೆಲಸ ನಡೆದದ್ದು ಕಣ್ಣಿಗೆ ಕಾಣದ ಕಡೆ. ದೇಶವನ್ನು 13 ಪ್ರದೇಶಗಳಾಗಿ ಹಂಚಿ, ಊರೂರಲ್ಲಿ ಅಧ್ಯಯನ ಕೇಂದ್ರ ತೆರೆದರು. ಅವಕ್ಕೆ ಹೊಸ ಕಟ್ಟಡ ಕಟ್ಟಲಿಲ್ಲ, ಸ್ಥಳೀಯ ಕಾಲೇಜುಗಳ ಕೋಣೆಗಳೇ ಸಂಜೆ ಹೊತ್ತು ಕೇಂದ್ರಗಳಾದವು. ಬಿಬಿಸಿ-2 ಚಾನೆಲ್ ಆಗ ಎಲ್ಲ ಮನೆಗೂ ಬರುತ್ತಿರಲಿಲ್ಲ. ಬಾರದವರು ಕೇಂದ್ರಕ್ಕೆ ಬಂದು ನೋಡಬಹುದಿತ್ತು. ಗಣಿತದವರಿಗೆ ದೂರದ ಕಂಪ್ಯೂಟರಿಗೆ ಫೋನ್ ತಂತಿಯ ಮೂಲಕ ಜೋಡಿಸಿದ ಟರ್ಮಿನಲ್‌ಗಳೂ ಕೆಲವು ಕೇಂದ್ರಗಳಲ್ಲಿದ್ದವು. ಅಂದರೆ, ನಿಮ್ಮ ಮನೇಲಿ ಏನಿದೆ ಏನಿಲ್ಲ ಅನ್ನುವುದರ ಮೇಲೆ ನಿಮ್ಮ ಓದು ನಿಂತಿರಲಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ರತಿಯೊಬ್ಬ ವಿದ್ಯಾರ್ಥಿಗೂ ಹೆಸರು ಹಿಡಿದು ಗುರುತಿಸುವ ಒಬ್ಬ ಮನುಷ್ಯ ಇದ್ದದ್ದು. ಬರೆದು ಕಳಿಸಿದ ಅಸೈನ್‌ಮೆಂಟನ್ನು ಟ್ಯೂಟರ್ ತಿದ್ದಿ, ಅಂಚಿನಲ್ಲಿ ಮಾತು ಬರೆದು ವಾಪಸ್ ಕಳಿಸುತ್ತಿದ್ದರು. ಅಂಕ ಕೊಟ್ಟು ಸುಮ್ಮನಾಗುವ ಹಾಗಿರಲಿಲ್ಲ, ಆ ಷರಾಗಳೇ ಪಾಠ. ಜೊತೆಗೆ ಕೌನ್ಸೆಲರ್ ಅಂತ ಇನ್ನೊಬ್ಬರು. ಕೆಲಸ ಹೋಯಿತು, ಮಗು ಹುಟ್ಟಿತು, ಓದು ಬಿಡೋಣ ಅನ್ನಿಸಿತು ಅಂದಾಗ ಮಾತಾಡಲು ಇದ್ದವರು ಅವರು. ಬೇಸಿಗೆಯಲ್ಲಿ ಒಂದು ವಾರ ಯಾವುದಾದರೂ ಕ್ಯಾಂಪಸ್ಸಿನಲ್ಲಿ ಎಲ್ಲರೂ ಒಟ್ಟಿಗೆ ಉಳಿದು ಕಲಿಯುವ ಸಮ್ಮರ್ ಸ್ಕೂಲ್. ಲಾರಿ ಡ್ರೈವರ್, ಗೃಹಿಣಿ, ಗುಮಾಸ್ತ ಒಂದೇ ಮೇಜಿನಲ್ಲಿ ಊಟ ಮಾಡಿ ವಾದ ಮಾಡುವುದೂ ಪದವಿಯ ಭಾಗ. ಕ್ಯಾಂಪಸ್ಸಿನ ಮೆಟ್ಟಿಲು ಹತ್ತಲಾಗದ ಅಂಗವಿಕಲರಿಗೆ ಇದು ಮೊದಲ ಅವಕಾಶವಾಯಿತು. ಎಪ್ಪತ್ತರ ದಶಕದಲ್ಲೇ ಜೈಲಿನ ಕೈದಿಗಳಿಗೂ ಪುಸ್ತಕ ತಲುಪಿತು.

ಎಲ್ಲವೂ ಚಿನ್ನವಾಗಿರಲಿಲ್ಲ. ಮೊದಲ ತಂಡದಲ್ಲಿ ದೊಡ್ಡ ಗುಂಪು ಶಾಲಾ ಶಿಕ್ಷಕರದ್ದು. ಅಂದರೆ ಆಗಲೇ ಒಂದಿಷ್ಟು ಓದಿದವರದ್ದೇ. ಕಾರ್ಖಾನೆಯ ಕಾರ್ಮಿಕರು ನಿರೀಕ್ಷಿಸಿದಷ್ಟು ಬರಲಿಲ್ಲ. ಬಾಗಿಲು ತೆರೆದಿಟ್ಟರೆ ಸಾಲದು, ಬಾಗಿಲು ತನಗಾಗಿಯೇ ತೆರೆದಿದೆ ಅನ್ನುವ ನಂಬಿಕೆ ಹುಟ್ಟಿಸುವುದು ಇನ್ನೂ ಕಷ್ಟ ಅನ್ನುವುದನ್ನು ವಿಶ್ವವಿದ್ಯಾಲಯ ಬೇಗ ಕಲಿತುಕೊಂಡಿತು.

ಈಗ ನಮ್ಮ ಕಡೆ ಬರೋಣ. ಓಪನ್ ಯೂನಿವರ್ಸಿಟಿಗೆ ರಾಜಮುದ್ರೆ ಬಿದ್ದದ್ದು 1969ರಲ್ಲಿ. ಅದೇ 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಅಂಚೆ ಶಿಕ್ಷಣ ಸಂಸ್ಥೆ ಆರಂಭಿಸಿತು. 1996ರಲ್ಲಿ ಅದೇ ಬೆಳೆದು ಮುಕ್ತಗಂಗೋತ್ರಿಯ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಈ ನಡುವೆ 1982ರಲ್ಲಿ ಹೈದರಾಬಾದಿನಲ್ಲಿ ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ ಬಂತು. ಅದನ್ನು ಕಟ್ಟಿದ ಜಿ. ರಾಮ್ ರೆಡ್ಡಿಯವರೇ 1985ರಲ್ಲಿ ಇಗ್ನೋದ ಮೊದಲ ಕುಲಪತಿಯಾದರು. ಸಂಸಾರ, ನೌಕರಿ ನಡುವೆ ಹೀಗೆ ಓದಿ ಬಡ್ತಿ ಪಡೆದ ಗುಮಾಸ್ತರು, ಮದುವೆಯ ನಂತರ ಬಿಎ ಮುಗಿಸಿದ ಅಮ್ಮಂದಿರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ.

ಆದರೂ ಇಂಟರ್‌ವ್ಯೂಗಳಲ್ಲಿ ಇವತ್ತಿಗೂ "ಓ, ಕರೆಸ್ಪಾಂಡೆನ್ಸಾ?" ಅಂತ ಒಂದು ಪ್ರಶ್ನೆ ಬರುತ್ತೆ. ಆ "ಓ" ಇದೆಯಲ್ಲ, ಜೆನ್ನಿ ಲೀ ಹೋರಾಡಿದ್ದು ಅದರ ವಿರುದ್ಧವೇ. ರೆಸ್ಯೂಮೆ ನೋಡಿ ಆರಿಸುವ ಜಾಗದಲ್ಲಿ ಇವತ್ತು ಕೂತಿರುವವರು ನಾವೇ. ಹಾಗಾಗಿ ಆ ಪ್ರಶ್ನೆಯನ್ನು ಬಿಡುವುದೂ ನಮ್ಮ ಕೈಯಲ್ಲೇ ಇದೆ.

ಇನ್ನು ಮೊದಲು ಕೇಳಿದ ಪ್ರಶ್ನೆ. 1971ರ ತಂಡದ ಹತ್ತಿರ ಇದ್ದದ್ದು ಅಂಚೆ, ರೇಡಿಯೊ, ಪೂರ್ತಿ ದೇಶಕ್ಕೆ ಬಾರದ ಒಂದು ಟಿವಿ ಚಾನೆಲ್. 2020ರಲ್ಲಿ ನಮ್ಮ ಹತ್ತಿರ ಇದ್ದದ್ದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅವರು ತರಗತಿಗೆ ಬರಲಾಗದವರನ್ನು ಮೊದಲು ನೆನೆದು, ಆಮೇಲೆ ಸಾಧನ ಆರಿಸಿಕೊಂಡರು. ನಾವು ಆ್ಯಪ್ ಮೊದಲು ಆರಿಸಿ, ಬರಲಾಗದವರನ್ನು ಆಮೇಲೆ ನೆನೆದೆವು. ಮುಂದೆ ಇಂಥದ್ದೇ ಇನ್ನೊಂದು ಮಾರ್ಚ್ ಬಂದರೆ, ತಯಾರಿಯ ಮೊದಲ ಸಾಲಿನಲ್ಲಿ ಬರೆದಿಡಬೇಕಾದದ್ದು ಗುಡ್ಡ ಹತ್ತಿದ ಆ ಮಕ್ಕಳ ಹೆಸರು.